ಕೀಟದ ಕಾಲು, ರೆಕ್ಕೆ: ಕೊಲ್ಲದೆ ತೋರಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಕೇಳಿದವರು: ಟೀಚರ್, ಬದಿಯಡ್ಕ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದಲ್ಲಿ ಆರನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಕೀಟ ಅಂದರೆ ತಲೆ, ಎದೆ, ಹೊಟ್ಟೆ, ಆರು ಕಾಲು ಎಂದು ಬೋರ್ಡಿನಲ್ಲಿ ಚಿತ್ರ ಬರೆದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಆದರೆ ಗೋಡೆಯ ಜೇಡ ತೋರಿಸಿದರೆ ಅದೂ ಕೀಟ ಅನ್ನುತ್ತಾರೆ. ಕಳೆದ ವರ್ಷ ನಿಜವಾದ ಹುಳ ತನ್ನಿ ಎಂದೆ. ಬಾಟ್ಲಿಯಲ್ಲಿ ಹಾಕಿ ತಂದ ಚಿಟ್ಟೆಗಳೆಲ್ಲ ಮಧ್ಯಾಹ್ನದೊಳಗೆ ಸತ್ತವು. ಒಬ್ಬಳು ತುಂಬಾ ಅತ್ತಳು. ತಪ್ಪು ನನ್ನದೇ. ಈ ಸಲ ಒಂದನ್ನೂ ಕೊಲ್ಲದೆ, ಮಕ್ಕಳು ಕೈಯಲ್ಲಿ ಮುಟ್ಟಿ ನೋಡುವ ಹಾಗೆ ಮಾಡಬೇಕು. ಯಾರಾದರೂ ಮಾಡಿ ನೋಡಿದ್ದೀರಾ?

ಉತ್ತರ: ತೆಂಗು ಕೃಷಿಕ, ಪೆರ್ಲ

ಟೀಚರೇ, ತೋಟ ಇರುವ ಮನೆಯ ಮಕ್ಕಳಿಗೆ ಹೇಳಿ, ಕುರುವಾಯಿ ಹುಳ, ಅಂದರೆ ತೆಂಗಿನ ಸುಳಿ ಕೊರೆಯುವ ಕೊಂಬಿನ ಹುಳ, ತರಲಿ. ತೆಂಗಿನ ಸುಳಿಯಿಂದ ಕೊಕ್ಕೆಯಲ್ಲಿ ಎಳೆದು ತೆಗೆದದ್ದು, ವಾಸನೆಯಿಂದ ಹುಳ ಸೆಳೆಯುವ ಮೋಹಕ ಬಲೆಯ ಬಕೆಟಿಗೆ ಬಿದ್ದು ಸತ್ತದ್ದು ಹೇಗೂ ಇರುತ್ತದೆ. ಪಾಠಕ್ಕಾಗಿ ಕೊಲ್ಲಬೇಕಾಗಿಲ್ಲ. ದೊಡ್ಡ ಹುಳ, ಬರಿಗಣ್ಣಿಗೇ ಎಲ್ಲ ಕಾಣುತ್ತದೆ.

ಒಣಗಿದ ಹುಳದ ಕಾಲು ಪಟ್ಟನೆ ಮುರಿಯುತ್ತದೆ. ಹಾಗಾಗಿ ಮೊದಲು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ದಿನ ಡಬ್ಬಿಯಲ್ಲಿಡಿ, ಮೆದುವಾಗುತ್ತದೆ. ಬೆನ್ನಿನ ಮೇಲೆ ಗಟ್ಟಿ ಚಿಪ್ಪು ಎರಡು ಇದೆಯಲ್ಲ, ಅದೇ ಮುಂದಿನ ರೆಕ್ಕೆ. ಅದು ಮುಚ್ಚಳದ ಕೆಲಸ ಮಾಡುತ್ತದೆ. ಉಗುರಿನಿಂದ ಮೆಲ್ಲ ಎತ್ತಿದರೆ ಅಡಿಯಲ್ಲಿ ತೆಳುವಾದ ರೆಕ್ಕೆ ಮಡಚಿಕೊಂಡಿರುತ್ತದೆ. ಹಾರುವುದು ಅದರಿಂದ. ಬಿಡಿಸಿದರೆ ಚಿಪ್ಪಿಗಿಂತ ಉದ್ದ. ನನ್ನ ಮಗಳು ಅದನ್ನು ಮತ್ತೆ ಮಡಚಲು ಅರ್ಧ ಗಂಟೆ ಕೂತಿದ್ದಳು, ಆಗಲಿಲ್ಲ.

ಕಾಲು ಎಣಿಸುವಾಗ ಮಾತ್ರ ಹುಳವನ್ನು ಮಗುಚಿ ಹಾಕಿ. ಮೇಲಿಂದ ನೋಡಿದರೆ ಹಿಂಗಾಲು ಹೊಟ್ಟೆಯಿಂದ ಬಂದ ಹಾಗೆ ಕಾಣುತ್ತದೆ. ಅಡಿಯಿಂದ ನೋಡಿದರೆ ಮೂರು ಜೋಡಿಯೂ ಎದೆಗೇ ಸೇರಿರುವುದು ಗೊತ್ತಾಗುತ್ತದೆ. ಮುಂಗಾಲಿನ ಅಂಚಿನಲ್ಲಿ ಗರಗಸದ ಹಾಗೆ ಹಲ್ಲು ಇದೆ, ಅದು ಅಗೆಯಲಿಕ್ಕೆ. ತಲೆಯ ಕೊಂಬು ಗಂಡಿಗೆ ಜಾಸ್ತಿ ಉದ್ದ. ಹೆಣ್ಣಿಗೆ ಹಿಂಬದಿಯ ತುದಿಯಲ್ಲಿ ಕೆಂಚು ಕೂದಲು ಇರುತ್ತದೆ.

ಗೊಬ್ಬರದ ಗುಂಡಿ ತೆಗೆಯುವಾಗ ಇದರ ಬಿಳಿ ಮರಿಹುಳವೂ ಸಿಗುತ್ತದೆ. ಅದಕ್ಕೂ ಆರು ಕಾಲು. ಅದೇ ತೆಂಗಿನ ಕಾಂಡ ಕೊರೆಯುವ ಕೆಂಪು ಮೂತಿ ಹುಳದ ಮರಿಗೆ ಕಾಲೇ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿ.

ಉತ್ತರ: ಮುಳ್ಳೇರಿಯದ ಒಬ್ಬ ಅಮ್ಮ

ಮಳೆ ಶುರುವಾದಾಗ, ಸಂಜೆ ಮಳೆ ಬಂದ ಮರುದಿನ ಬೆಳಿಗ್ಗೆ ಜಗಲಿ ಗುಡಿಸಬೇಡಿ. ಟ್ಯೂಬ್‌ಲೈಟಿನ ಅಡಿಯಲ್ಲಿ ರೆಕ್ಕೆಯ ರಾಶಿ ಬಿದ್ದಿರುತ್ತದೆ. ಗೆದ್ದಲಿನದ್ದು, ನಮ್ಮ ಮಕ್ಕಳು ಮಲಯಾಳದಲ್ಲಿ ಈಯಾಂಪಾಟ್ಟ ಅನ್ನುತ್ತಾರಲ್ವಾ, ಅದು. ರೆಕ್ಕೆಯ ಬುಡದಲ್ಲಿ ಮುರಿಯಲೆಂದೇ ಒಂದು ಗೆರೆ ಇರುತ್ತದೆ, ಅಲ್ಲಿಂದ ತಾನಾಗಿಯೇ ಕಳಚಿಕೊಳ್ಳುತ್ತದೆ. ನಾವು ಕೀಳುವುದೇನೂ ಇಲ್ಲ. ನನ್ನ ಮಗ ನೋಟ್ ಪುಸ್ತಕದಲ್ಲಿ ಸೆಲ್ಲೋಟೇಪಿನಿಂದ ಅಂಟಿಸಿದ್ದಾನೆ. ಬೆಳಕಿಗೆ ಹಿಡಿದರೆ ನರಗಳು ಎಲೆಯ ನರದ ಹಾಗೆ ಕಾಣುತ್ತವೆ. ರೆಕ್ಕೆ ಇರುವ ಇರುವೆಗಳೂ ಆಗಲೇ ಬರುತ್ತವೆ. ಬೇರೆ ಮಾಡುವುದು ಸುಲಭ. ಗೆದ್ದಲಿನ ನಾಲ್ಕು ರೆಕ್ಕೆಯೂ ಒಂದೇ ಉದ್ದ, ಇರುವೆಗೆ ಮುಂದಿನದು ದೊಡ್ಡದು, ಹಿಂದಿನದು ಚಿಕ್ಕದು.

ಇನ್ನೊಂದು, ಮರದ ಕಾಂಡದಲ್ಲಿ ಜೀರುಂಡೆ (ಮರದಲ್ಲಿ ಕೂತು ಜೀ ಎಂದು ಕೂಗುವುದು) ಬಿಟ್ಟುಹೋದ ಪೊರೆ ಹುಡುಕಿ. ಬೆನ್ನು ಮಾತ್ರ ಸೀಳಿರುತ್ತದೆ. ಆರು ಕಾಲೂ, ಕಣ್ಣಿನ ಗುಬುಟೂ ಹಾಗೆಯೇ ಇರುತ್ತವೆ. ಮಣ್ಣು ಅಗೆಯುವ ಮುಂಗಾಲು ಎಷ್ಟು ದಪ್ಪ ನೋಡಿ! ಅದಕ್ಕಿಂತ ಒಳ್ಳೆಯ ಮಾದರಿ ಯಾವ ಅಂಗಡಿಯಲ್ಲೂ ಸಿಗದು.

ಉತ್ತರ: ಜೇನು ಸಾಕುವವರು, ಎಣ್ಮಕಜೆ

ತುಡುವೆ ಜೇನಿನ ಪೆಟ್ಟಿಗೆಯ ಮುಂದೆ ಸತ್ತ ಜೇನುನೊಣಗಳು ಬಿದ್ದಿರುತ್ತವೆ. ಗೂಡಿನವೇ ಎಳೆದು ಹೊರಗೆ ಹಾಕುತ್ತವೆ. ನಾನು ಹೆಕ್ಕಿ ಕೊಡುತ್ತೇನೆ. ಆದರೆ ಒಂದು ಎಚ್ಚರಿಕೆ: ಸತ್ತ ನೊಣದ ಮುಳ್ಳೂ ಚುಚ್ಚುತ್ತದೆ. ಮಕ್ಕಳು ಹೊಟ್ಟೆಯ ತುದಿ ಮುಟ್ಟದ ಹಾಗೆ ಚಿಮಟದಲ್ಲಿ ಹಿಡಿಯಲಿ.

ಲೆನ್ಸಿನಲ್ಲಿ ಹಿಂಗಾಲು ನೋಡಿ. ಹೊರಬದಿ ಚಪ್ಪಟೆ, ಸುತ್ತ ಕೂದಲಿನ ಬೇಲಿ. ಪರಾಗ ಉಂಡೆ ಕಟ್ಟಿ ತರುವ ಬುಟ್ಟಿ ಅದೇ. ಮುಂಗಾಲಿನ ಗಂಟಿನಲ್ಲಿ ಅರ್ಧಚಂದ್ರದಂಥ ಕಚ್ಚು ಇದೆ, ಮೀಸೆಯನ್ನು ಅದರೊಳಗೆ ಎಳೆದು ಒರೆಸಿಕೊಳ್ಳುತ್ತದೆ. ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಣ್ಣ ಕೊಕ್ಕೆಗಳ ಸಾಲು. ಹಾರುವಾಗ ಅದನ್ನು ಮುಂದಿನ ರೆಕ್ಕೆಗೆ ಸಿಕ್ಕಿಸಿ ಎರಡನ್ನು ಒಂದು ಮಾಡಿಕೊಳ್ಳುತ್ತದೆ. ನಾನು ಎಷ್ಟೋ ವರ್ಷ ಪೆಟ್ಟಿಗೆ ಇಟ್ಟರೂ ಇದನ್ನು ನೋಡಿರಲಿಲ್ಲ. ನೋಡಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಉತ್ತರ: ವಿದ್ಯಾರ್ಥಿ, ಮಂಜೇಶ್ವರ

ಮನೆನೊಣಕ್ಕೆ ಎರಡೇ ರೆಕ್ಕೆ, ಇದನ್ನೂ ಹೇಳಿ ಟೀಚರ್. ಹಿಂದಿನ ಜೋಡಿ ಸಣ್ಣ ಗುಂಡಿನ ಹಾಗಾಗಿದೆ, ಹಾರುವಾಗ ತೂಕ ತಪ್ಪದಂತೆ ನೋಡಿಕೊಳ್ಳುತ್ತದೆ. ಸೊಳ್ಳೆಗೂ ಹಾಗೆಯೇ.

ಟೀಚರ್, ಬದಿಯಡ್ಕ ಕಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಸಂಶಯ ಉಳಿದಿದೆ. ಅಂಗಳದಲ್ಲಿ ಕೂತ ಕಂದು ಬಣ್ಣದ, ಬಿಳಿ ಚುಕ್ಕೆಯ ಚಿಟ್ಟೆಗೆ ನಾಲ್ಕೇ ಕಾಲು ಅಂತ ಒಬ್ಬ ಹುಡುಗ ವಾದಿಸುತ್ತಾನೆ. ನಾನೂ ಎಣಿಸಿದೆ, ನಾಲ್ಕೇ.

ಉತ್ತರ: ವಿದ್ಯಾರ್ಥಿ, ಮಂಜೇಶ್ವರ

ಹುಡುಗ ಸರಿಯಾಗಿ ನೋಡಿದ್ದಾನೆ ಟೀಚರ್. ಆ ಚಿಟ್ಟೆ ಸೇರಿದ ಕುಟುಂಬದಲ್ಲಿ ಚಿಟ್ಟೆಗಳ ಮುಂಗಾಲು ತುಂಬಾ ಚಿಕ್ಕದು, ತಲೆಯ ಹಿಂದೆ ಎದೆಗೆ ಒತ್ತಿ ಮಡಚಿಕೊಂಡಿರುತ್ತದೆ. ನಡೆಯಲು ಬಳಸುವುದಿಲ್ಲ. ಕೂತಾಗ ಪಕ್ಕದಿಂದ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಐದನೆಯದೂ ಆರನೆಯದೂ ಅಲ್ಲಿ ಸಿಗುತ್ತವೆ. ಫೋಟೋವನ್ನು ಅವನ ಕೈಯಲ್ಲೇ ತೆಗೆಸಿ.