ಓದುಗರ ಸ್ಪಂದನ: ‘ನನ್ನ ಮಿದುಳೇ ಹೀಗಿದ್ದರೆ?’

ಕಳೆದ ಸಂಚಿಕೆಯಲ್ಲಿ 34 ವರ್ಷದ ಓದುಗರೊಬ್ಬರು ಹೀಗೆ ಬರೆದಿದ್ದರು: ‘ಯಾರಾದರೂ ಸ್ವಲ್ಪ ಗಡುಸಾಗಿ ಮಾತಾಡಿದರೆ ಗಂಟಲು ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಆ ಮಾತು ಮೂರು ದಿನ ತಲೆಯಲ್ಲೇ ಸುತ್ತುತ್ತದೆ. ಚಿಕ್ಕಂದಿನಿಂದಲೂ ಅಳುಮುಂಜಿ ಅನ್ನಿಸಿಕೊಂಡವಳು. ನಾಲ್ಕು ತಿಂಗಳಿಂದ ಇದು ಹೆಚ್ಚಾಗಿದೆ, ನಿದ್ದೆಯೂ ಸರಿಯಿಲ್ಲ. ಮನೆಯವರು “ಮನಸ್ಸು ಗಟ್ಟಿ ಮಾಡ್ಕೋ” ಅನ್ನುತ್ತಾರೆ. ಗೆಳತಿ “ಮಿದುಳಿನ ಕೆಮಿಕಲ್ ಏರುಪೇರು, ಹುಟ್ಟಿನಿಂದ ಬಂದದ್ದು” ಅನ್ನುತ್ತಾಳೆ. ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆಯೇ? ನನ್ನ ಮಿದುಳೇ ಹೀಗಿದ್ದರೆ, ಬದಲಾಗುವುದು ಉಂಟೇ?’

ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಡುತ್ತಿದ್ದೇವೆ. ಮೊದಲನೆಯದು ದೀರ್ಘವಾಗಿದೆ. ಕತ್ತರಿಸಲು ಕುಳಿತೆವು, ಆದರೆ ಯಾವ ಸಾಲನ್ನೂ ಬಿಡಲು ಮನಸ್ಸಾಗಲಿಲ್ಲ.

*

ತಂಗಿ, ‘ಅಳುಮುಂಜಿ’ ಎಂಬ ಹೆಸರು ಎಷ್ಟು ವರ್ಷ ಅಂಟಿಕೊಂಡಿರುತ್ತದೆ ಎಂಬುದನ್ನು ಬಲ್ಲವಳು ನಾನು. ನಿಮ್ಮ ಪತ್ರ ಓದಿ ಎರಡು ದಿನ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. ನನ್ನ ಕಥೆ ಇಲ್ಲಿ ಬೇಡ. ನರವಿಜ್ಞಾನ ಪಾಠ ಮಾಡುವವಳಾಗಿ ಹೇಳಬಹುದಾದದ್ದನ್ನು ಹೇಳುತ್ತೇನೆ.

ಗಂಟಲು ಕಟ್ಟುವುದು ಬೇರೆ, ಮೂರು ದಿನ ಕೊರೆಯುವುದು ಬೇರೆ, ನಾಲ್ಕು ತಿಂಗಳಿಂದ ಹೆಚ್ಚಾಗಿರುವುದು ಇನ್ನೂ ಬೇರೆ. ಮೂರನ್ನೂ ‘ಸೂಕ್ಷ್ಮ ಸ್ವಭಾವ’ ಎಂಬ ಒಂದೇ ಗಂಟಿಗೆ ಕಟ್ಟಿಬಿಟ್ಟಿದ್ದೀರಿ. ಅದಕ್ಕೇ ಬಿಚ್ಚಲು ಆಗುತ್ತಿಲ್ಲ.

ಮೊದಲನೆಯದು ಕ್ಷಣಗಳ ಕೆಲಸ. ಮಿದುಳಿನ ಎರಡೂ ಬದಿ, ಕಿವಿಯ ನೇರಕ್ಕೆ ಒಳಗಡೆ, ಬಾದಾಮಿ ಆಕಾರದ ಅಮಿಗ್ಡಲ ಇದೆ. ಗಡುಸು ದನಿ ಕೇಳಿದರೆ, ಬಿಗಿದ ಮುಖ ಕಂಡರೆ, ಮಾತಿನ ಅರ್ಥ ಪೂರ್ತಿ ತಿಳಿಯುವ ಮೊದಲೇ ಅದು ಎಚ್ಚರಿಕೆ ಕೊಟ್ಟುಬಿಡುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತದೆ. ಇದನ್ನು ಇಚ್ಛೆಯಿಂದ ತಡೆಯಲು ಯಾರಿಗೂ ಆಗುವುದಿಲ್ಲ, ಮನಸ್ಸು ಎಷ್ಟು ಗಟ್ಟಿಯಿದ್ದರೂ ಆಗುವುದಿಲ್ಲ. ಆ ಎಚ್ಚರಿಕೆ ಎಷ್ಟು ಜೋರಾಗಿ ಬರುತ್ತದೆ ಎಂಬುದರಲ್ಲಿ ಮಾತ್ರ ಒಬ್ಬರಿಗೂ ಇನ್ನೊಬ್ಬರಿಗೂ ಹುಟ್ಟಿನಿಂದಲೇ ವ್ಯತ್ಯಾಸವಿದೆ. ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಶಬ್ದ, ಹೊಸ ಆಟಿಕೆಗಳನ್ನು ತೋರಿಸಿ ನೋಡಿದಾಗ, ಸುಮಾರು ಐದರಲ್ಲಿ ಒಂದು ಮಗು ಕೈಕಾಲು ಬಡಿದು ಜೋರಾಗಿ ಅತ್ತಿತು. ಅಂಥ ಮಕ್ಕಳಲ್ಲಿ ಸಂಕೋಚ, ಆತಂಕದ ಕಡೆಗೆ ಒಲವು ಹೆಚ್ಚು. ಆದರೆ ಅವರಲ್ಲಿ ಬಹಳಷ್ಟು ಮಂದಿ ಆತಂಕದ ಕಾಯಿಲೆಯಿಲ್ಲದೆಯೇ ಬೆಳೆದರು. ಗೆಳತಿ ಹೇಳಿದ ‘ಹುಟ್ಟಿನಿಂದ ಬಂದದ್ದು’ ಅರ್ಧ ಮಾತ್ರ ನಿಜ.

ಇದರ ಬೆನ್ನಿಗೇ ನಿಧಾನದ ಅಲೆಯೊಂದು ಬರುತ್ತದೆ. ಮಿದುಳಿನ ಬುಡದ ಹೈಪೊಥಲಾಮಸ್‌ನಿಂದ ಪಿಟ್ಯುಟರಿ ಗ್ರಂಥಿಗೆ, ಅಲ್ಲಿಂದ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಸಂದೇಶ ಹೋಗಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸುರಿಯುತ್ತದೆ. ಅದು ಶಿಖರ ಮುಟ್ಟುವುದು ಘಟನೆ ಶುರುವಾದ 20–30 ನಿಮಿಷಕ್ಕೆ, ಇಳಿಯಲು ಒಂದು ಗಂಟೆಯ ಮೇಲೆ ಬೇಕು. ಬೈದವರು ಎದ್ದು ಹೋಗಿ ಚಹಾ ಕುಡಿಯುವ ಹೊತ್ತಿಗೆ ನಿಮ್ಮ ಮೈ ಜಗಳದ ನಡುಮಧ್ಯದಲ್ಲಿರುತ್ತದೆ. ಆ ಒಂದೂವರೆ ಗಂಟೆಯಲ್ಲಿ ಉತ್ತರ ಕಳಿಸಬೇಡಿ, ರಾಜೀನಾಮೆ ಬರೆಯಬೇಡಿ, ‘ನಾನೇಕೆ ಹೀಗೆ’ ಎಂದು ತೀರ್ಪು ಕೊಟ್ಟುಕೊಳ್ಳಬೇಡಿ. ಗಡಿಯಾರ ನೋಡಿ, ಹೊತ್ತು ಗುರುತು ಮಾಡಿಕೊಳ್ಳಿ. ಐದು ನಿಮಿಷ ನಿಧಾನವಾಗಿ ಉಸಿರಾಡಿ: ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ, ಅಂದರೆ ನಿಮಿಷಕ್ಕೆ ಆರು ಉಸಿರು. ಇಲ್ಲಿ ಹಲವರು ಎಡವುವುದು ‘ದೀರ್ಘವಾಗಿ ಉಸಿರೆಳೆದುಕೋ’ ಎಂಬ ಸಲಹೆಯಿಂದ. ಬಾಯಿ ತೆರೆದು ದೊಡ್ಡದಾಗಿ ಎಳೆದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಆಗ ಭಯ ಇನ್ನೂ ಹೆಚ್ಚು. ಮೂಗಿನಲ್ಲಿ, ಸಣ್ಣದಾಗಿ, ಬಿಡುವ ಉಸಿರು ಉದ್ದವಾಗಿ ಇರಲಿ.

ಇನ್ನು ಮೂರು ದಿನದ ಮಾತು. ಒಂದು ಘಟನೆಯ ಕಾರ್ಟಿಸಾಲ್ ಮೂರು ದಿನ ಉಳಿಯುವುದಿಲ್ಲ. ಆ ಮಾತನ್ನು ಮತ್ತೆ ನೆನೆಸಿದಾಗ ಅದೇ ಎಚ್ಚರಿಕೆ ಮತ್ತೆ ಮೊಳಗುತ್ತದೆ, ಹಾಗಾಗಿ ದಿನಕ್ಕೆ ಹತ್ತು ಸಲ ಬೈಸಿಕೊಂಡ ಹಾಗಾಗುತ್ತದೆ. ಅಭ್ಯಾಸ ಕೈಹಿಡಿಯುವುದು ಇಲ್ಲೇ. ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ಗೆ ಅಮಿಗ್ಡಲವನ್ನು ತಗ್ಗಿಸುವ ದಾರಿಗಳಿವೆ, ಮತ್ತು ಭಾವನೆಗೆ ಹೆಸರಿಡುವುದು ಆ ದಾರಿಯನ್ನು ಎಬ್ಬಿಸುತ್ತದೆ. 2007ರ ಒಂದು ಪ್ರಯೋಗದಲ್ಲಿ ಸಿಟ್ಟಿನ, ಭಯದ ಮುಖಗಳನ್ನು ನೋಡುತ್ತ ಆ ಭಾವದ ಹೆಸರನ್ನು ಆರಿಸಿದವರ ಅಮಿಗ್ಡಲ ಕಡಿಮೆ ಸ್ಪಂದಿಸಿತು. ‘ಬೇಜಾರಾಯಿತು’ ಎಂಬ ಹೆಸರು ಸಾಲದು. ಅದು ಅವಮಾನವೋ, ಕೈಬಿಟ್ಟಾರೆಂಬ ಭಯವೋ, ಅನ್ಯಾಯದ ಸಿಟ್ಟೋ? ದಿನಕ್ಕೊಮ್ಮೆ ಹತ್ತೇ ನಿಮಿಷ, ಮೂರು ಸಾಲು ಬರೆಯಿರಿ: ಏನು ನಡೆಯಿತು, ಯಾವ ಭಾವ, ಹತ್ತಕ್ಕೆ ಎಷ್ಟು. ‘ಏಕೆ’ ಎಂದು ಬರೆಯಲು ಹೊರಟರೆ ಅದೇ ಸುಳಿಗೆ ಬೀಳುತ್ತೀರಿ. ಮಲಗುವ ಮುನ್ನವಂತೂ ಬರೆಯಲೇಬೇಡಿ.

ಮೂರನೆಯದಕ್ಕೆ ಸುಳಿವು ನಿಮ್ಮ ಪತ್ರದಲ್ಲೇ ಇದೆ: ನಿದ್ದೆ. 2007ರ ಇನ್ನೊಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ಎಚ್ಚರವಿದ್ದ ಆರೋಗ್ಯವಂತರ ಅಮಿಗ್ಡಲ, ಕಹಿ ಚಿತ್ರಗಳಿಗೆ, ನಿದ್ದೆ ಮಾಡಿದವರಿಗಿಂತ ಸುಮಾರು 60 ಶೇಕಡ ಹೆಚ್ಚು ಸ್ಪಂದಿಸಿತು. ಪ್ರಿಫ್ರಂಟಲ್ ಭಾಗದ ಜತೆ ಅದರ ನಂಟೂ ಸಡಿಲವಾಗಿತ್ತು. ನಿಮ್ಮದು 35 ಗಂಟೆಯ ಜಾಗರಣೆಯಲ್ಲ, ನಿಜ. ಆದರೂ ನಾಲ್ಕು ತಿಂಗಳ ಕೆಟ್ಟ ನಿದ್ದೆಯ ಮೇಲೆ ನಿಂತು ಸ್ವಭಾವವನ್ನು ಅಳೆಯಬೇಡಿ. ಮಲಗುವ ಹೊತ್ತು ಹೆಚ್ಚುಕಡಿಮೆಯಾದರೂ ಏಳುವ ಹೊತ್ತು ಒಂದೇ ಇರಲಿ, ರಜೆಯ ದಿನವೂ. ಕಾಫಿ ಮಧ್ಯಾಹ್ನದ ಊಟಕ್ಕೇ ಕೊನೆಯಾಗಲಿ. ಕುಡಿದ ಐದಾರು ಗಂಟೆಯ ಮೇಲೂ ಅರ್ಧ ಕೆಫೀನ್ ರಕ್ತದಲ್ಲೇ ಇರುತ್ತದೆ. 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರಿ, ತೂಕಡಿಕೆ ಬಂದಾಗ ಮರಳಿ. ಹಾಸಿಗೆಯಲ್ಲಿ ಹೊರಳುತ್ತ ಯೋಚಿಸಿದಷ್ಟೂ ಮಿದುಳು ಹಾಸಿಗೆಯನ್ನೇ ಯೋಚನೆಯ ಜಾಗವೆಂದು ಕಲಿತುಬಿಡುತ್ತದೆ.

*

ಮುಂದಿನ ಪತ್ರ ಒಂದು ಚೀಟಿಯಷ್ಟು. ದನಿ ಬಿರುಸು, ಹೇಳಿದ್ದನ್ನು ಮಾತ್ರ ನಾವು ಅಲ್ಲಗಳೆಯಲಾರೆವು.

*

ನಾಲ್ಕು ತಿಂಗಳಿಂದ ನಿದ್ದೆಯಿಲ್ಲ, ಅಳು ಹೆಚ್ಚಾಗಿದೆ. ಇದಕ್ಕೆ ಪತ್ರಿಕೆಯಲ್ಲ, ವೈದ್ಯರು ಬೇಕು. ಎರಡು ವಾರ ದಾಟಿದಾಗಲೇ ಹೋಗಬೇಕಿತ್ತು. ಸಾಯುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಇವತ್ತೇ ಹೋಗಿ, ಒಬ್ಬರೇ ಹೋಗಬೇಡಿ.

*

ಸ್ಕ್ಯಾನ್ ಬಗ್ಗೆ ಕೇಳಿದ ಪ್ರಶ್ನೆಗೆ ವಿಕಿರಣಶಾಸ್ತ್ರ ವಿಭಾಗದಲ್ಲಿರುವ ಓದುಗರು ನೇರವಾಗಿ ಉತ್ತರಿಸಿದ್ದಾರೆ.

*

ಮಾಡಿಸಬೇಡಿ. ಪುಸ್ತಕಗಳಲ್ಲಿ ಕಾಣುವ ಕೆಂಪು-ಹಳದಿ ಚುಕ್ಕೆಯ ಮಿದುಳಿನ ಚಿತ್ರಗಳು ಹಲವರ ಸರಾಸರಿ. ಖಿನ್ನತೆ ಇರುವ ನೂರು ಜನ, ಇಲ್ಲದ ನೂರು ಜನರ ನಡುವೆ ಸಣ್ಣ ವ್ಯತ್ಯಾಸ ಕಾಣಬಹುದು, ಆದರೆ ಎರಡು ಗುಂಪಿನ ಅಂಕಿಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಹಾಗಾಗಿ ಒಬ್ಬರ ಚಿತ್ರ ನೋಡಿ ಅವರು ಯಾವ ಗುಂಪು ಎಂದು ಹೇಳಲಾಗದು. ವೈದ್ಯರು ಎಂಆರ್‌ಐ ಬರೆದುಕೊಡುವುದು ಬೇರೆ ಅನುಮಾನಕ್ಕೆ: ಮೊದಲ ಸಲ ಬಂದ ಫಿಟ್ಸ್, ಒಂದು ಬದಿಯ ಬಲಹೀನತೆ, ಇದ್ದಕ್ಕಿದ್ದಂತೆ ಬದಲಾದ ನಡವಳಿಕೆ. ವರದಿ ‘ನಾರ್ಮಲ್’ ಎಂದು ಬಂದು, ‘ನೋಡಿದ್ಯಾ, ಏನೂ ಇಲ್ಲ’ ಎಂಬ ಮಾತು ಕೇಳಬೇಕಾಗಿ ಬರುವುದೇ ಇದರ ದೊಡ್ಡ ಹಾನಿ. ನಾರ್ಮಲ್ ಎಂದರೆ ಗೆಡ್ಡೆಯಿಲ್ಲ, ರಕ್ತಸ್ರಾವವಿಲ್ಲ ಎಂದಷ್ಟೇ ಅರ್ಥ. ನೋವಿಲ್ಲ ಎಂದಲ್ಲ.

ಗೆಳತಿ ಹೇಳಿದ ‘ಕೆಮಿಕಲ್’, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಅನ್ನು ರಕ್ತದಲ್ಲಿ ಅಳೆಸುವುದೂ ವ್ಯರ್ಥ. ಮೈಯ ಸೆರೊಟೋನಿನ್‌ನಲ್ಲಿ ಸುಮಾರು 90 ಶೇಕಡ ಕರುಳಿನದು. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಜೀನ್ ಪರೀಕ್ಷೆಯೂ ಹಾಗೆಯೇ. ಸೆರೊಟೋನಿನ್ ಸಾಗಿಸುವ ಒಂದು ಜೀನ್‌ನ ಗಿಡ್ಡ ರೂಪವಿದ್ದರೆ ಕಷ್ಟದ ದಿನಗಳಲ್ಲಿ ಖಿನ್ನತೆ ಹೆಚ್ಚು ಎಂದು 2003ರಲ್ಲಿ ದೊಡ್ಡ ಸುದ್ದಿಯಾಗಿತ್ತು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಜಾಲಾಡಿದಾಗ ಅದು ನಿಲ್ಲಲಿಲ್ಲ. ಸಾವಿರಾರು ಜೀನ್‌ಗಳು ತಲಾ ಒಂದೊಂದು ಚಿಟಿಕೆ ಸೇರಿಸುತ್ತವೆ, ಅಷ್ಟೆ.

*

ಹಾಗಾದರೆ ಯಾವ ಪರೀಕ್ಷೆ? ಮನೋವೈದ್ಯೆಯೊಬ್ಬರು ಬರೆಯುತ್ತಾರೆ. ಪ್ರಶ್ನೆ ಕಳಿಸಿದ್ದ ಓದುಗರು ಮಾತ್ರೆಯ ಬಗ್ಗೆ ಕೇಳಿರಲಿಲ್ಲ, ಆದರೂ ಆ ಭಾಗವನ್ನು ಉಳಿಸಿಕೊಂಡಿದ್ದೇವೆ.

*

ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ನೋಡುವುದು ಥೈರಾಯ್ಡ್‌ನ ಟಿಎಸ್‌ಎಚ್, ಹಿಮೋಗ್ಲೋಬಿನ್, ವಿಟಮಿನ್ ಬಿ12. ಥೈರಾಯ್ಡ್ ಕುಗ್ಗಿದರೂ ಬಿ12 ಕಡಿಮೆಯಾದರೂ ಖಿನ್ನತೆಯಂಥದೇ ಲಕ್ಷಣ ಬರಬಹುದು. ಜತೆಗೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ. ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ, ಒಟ್ಟು 27 ಅಂಕ. 10 ಅಥವಾ ಮೇಲೆ ಬಂದರೆ ಕೂತು ವಿವರವಾಗಿ ಮಾತಾಡಬೇಕು ಎಂದರ್ಥ, ಅದೇ ರೋಗನಿರ್ಣಯವಲ್ಲ.

ನಾನು ಕೇಳುವ ಮುಖ್ಯ ಪ್ರಶ್ನೆ: ಕಣ್ಣೀರಿನ ಜತೆ ಖುಷಿಯೂ ಬರುತ್ತಿದೆಯೇ? ಸೂಕ್ಷ್ಮ ಸ್ವಭಾವದವರಿಗೆ ಹಾಡು, ಮಗುವಿನ ನಗು, ಒಂದು ಒಳ್ಳೆಯ ಮಾತು ಕೂಡ ಆಳಕ್ಕೆ ಇಳಿಯುತ್ತದೆ. ಖಿನ್ನತೆಯಲ್ಲಿ ಒಳ್ಳೆಯದು ತಟ್ಟುವುದೇ ನಿಲ್ಲುತ್ತದೆ. ಮೊದಲನೆಯದು ಮನೋಧರ್ಮ, ಅದಕ್ಕೆ ಚಿಕಿತ್ಸೆ ಬೇಡ. ಎರಡನೆಯದಕ್ಕೆ ಬೇಕು. ನಿಮಗೆ ಹಳೆಯದರ ಮೇಲೆ ಹೊಸದು ಬಂದು ಕೂತಿರಬಹುದು.

‘ಕೆಮಿಕಲ್ ಏರುಪೇರು’ ಎಂಬ ವಿವರಣೆಯನ್ನು ನಮ್ಮಲ್ಲೇ ಹಲವರು ವರ್ಷಗಟ್ಟಲೆ ಹೇಳಿದ್ದೇವೆ, ಅದು ತಪ್ಪು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆ, ನರಕೋಶಗಳು ಸೆರೊಟೋನಿನ್ ಅನ್ನು ಮರಳಿ ಹೀರಿಕೊಳ್ಳುವುದನ್ನು ಕೆಲವೇ ಗಂಟೆಗಳಲ್ಲಿ ತಡೆಯುತ್ತದೆ, ಆದರೆ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಕೊರತೆ ತುಂಬುವುದೇ ಚಿಕಿತ್ಸೆಯಾಗಿದ್ದರೆ ಇಷ್ಟು ತಡವೇಕೆ? ನರಕೋಶಗಳ ಸ್ಪಂದನೆ, ಅವುಗಳ ನಡುವಿನ ಸಂಪರ್ಕ ನಿಧಾನವಾಗಿ ಬದಲಾಗಬೇಕು ಎಂಬುದು ಇಂದಿನ ತಿಳಿವಳಿಕೆ.

ಮಾತ್ರೆ ಶುರುವಾದರೆ ಇಷ್ಟು ನೆನಪಿರಲಿ. ಮೊದಲ ವಾರ ಓಕರಿಕೆ, ಚಡಪಡಿಕೆ ಬರಬಹುದು. ಹಲವರು ಇದನ್ನೇ ‘ಒಗ್ಗಲಿಲ್ಲ’ ಎಂದುಕೊಂಡು ಮಾತ್ರೆ ಬಿಡುತ್ತಾರೆ. ಚಡಪಡಿಕೆ ತೀವ್ರವಾದರೆ ಮಾತ್ರ ಅದೇ ದಿನ ವೈದ್ಯರಿಗೆ ತಿಳಿಸಿ, 25ರೊಳಗಿನವರು ಇನ್ನೂ ಜಾಗ್ರತೆ. ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಅಳು ಬರಬಹುದು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥ ರಕ್ತದಲ್ಲಿ ಬೇಗ ಇಳಿದುಹೋಗುವ ಔಷಧಗಳಲ್ಲಿ ಇದು ಹೆಚ್ಚು. ವೈದ್ಯರ ಜತೆ ಮಾತಾಡಿ ಹಂತಹಂತವಾಗಿ ಇಳಿಸಬೇಕು. ಮತ್ತು ಇದನ್ನು ಮುಚ್ಚಿಡಬೇಡಿ: ನಾಲ್ಕು ದಿನ ಅಥವಾ ಹೆಚ್ಚು ಕಾಲ ಕಡಿಮೆ ನಿದ್ದೆಯಲ್ಲೂ ದಣಿವಿಲ್ಲದೆ, ವಿಪರೀತ ಹುರುಪಿನಿಂದ, ಮಾತಿನ ಮೇಲೆ ಮಾತು ಬರುವ ಕಾಲ ಎಂದಾದರೂ ಇತ್ತೇ? ಇದ್ದರೆ ಬರೀ ಖಿನ್ನತೆಯ ಮಾತ್ರೆ ಕೊಡುವುದು ಅಪಾಯ, ಚಿಕಿತ್ಸೆಯ ದಾರಿಯೇ ಬೇರೆ.

*

ಸ್ತ್ರೀರೋಗ ತಜ್ಞೆಯೊಬ್ಬರ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

*

ಈ ಅಳು ತಿಂಗಳಿಡೀ ಒಂದೇ ಸಮ ಇರುತ್ತದೆಯೇ, ಅಥವಾ ಮುಟ್ಟಿನ ಮುಂಚಿನ ವಾರ ಏರಿ, ಮುಟ್ಟಾದ ಎರಡು ಮೂರು ದಿನದಲ್ಲಿ ಇಳಿಯುತ್ತದೆಯೇ? ಹಾಗಿದ್ದರೆ ಅದು ಪಿಎಂಡಿಡಿ, ಅಂದರೆ ಮುಟ್ಟಿನ ಮುಂಚೆ ಮನಸ್ಸನ್ನು ತೀವ್ರವಾಗಿ ಕುಗ್ಗಿಸುವ ತೊಂದರೆ ಇರಬಹುದು. ಆ ಹೆಂಗಸರಲ್ಲಿ ಹಾರ್ಮೋನಿನ ಮಟ್ಟ ಸಹಜವಾಗಿಯೇ ಇರುತ್ತದೆ. ಆ ಏರಿಳಿತಕ್ಕೆ ಅವರ ಮಿದುಳು ಸ್ಪಂದಿಸುವ ರೀತಿ ಬೇರೆ. ಹಾಗಾಗಿ ಹಾರ್ಮೋನ್ ಪರೀಕ್ಷೆಯಲ್ಲಿ ಏನೂ ಸಿಗದು, ಸಿಗುವುದು ಡೈರಿಯಲ್ಲಿ. ಎರಡು ಋತುಚಕ್ರ, ದಿನವೂ ಸಂಜೆ ಅಳು ಎಷ್ಟೆಂದು ಅಂಕ ಹಾಕಿ. ತಿಂಗಳ ಕೊನೆಗೆ ನೆನೆದು ಒಟ್ಟಿಗೆ ತುಂಬಬೇಡಿ, ನೆನಪು ಇಂದಿನ ಮನಸ್ಥಿತಿಯ ಬಣ್ಣ ಬಳಿದುಬಿಡುತ್ತದೆ.

*

ಪಾರ್ಶ್ವವಾಯು ರೋಗಿಗಳನ್ನು ನೋಡಿಕೊಳ್ಳುವ ಶುಶ್ರೂಷಕಿಯ ಈ ನಾಲ್ಕು ಸಾಲು ಬೇರೆ ಮನೆಗಳಿಗೆ ಬೇಕಾದೀತು.

*

ಸ್ಟ್ರೋಕ್ ಆದ ಹಿರಿಯರು ಮಾತು ಮಾತಿಗೂ ಅತ್ತರೆ, ನಗು ಬರಬೇಕಾದಲ್ಲಿ ಅತ್ತರೆ, ಅದು ದುಃಖವೇ ಆಗಬೇಕಿಲ್ಲ. ಅಳುವನ್ನು ಹಿಡಿತದಲ್ಲಿಡುವ ನರಮಾರ್ಗಕ್ಕೇ ಪೆಟ್ಟು ಬಿದ್ದಿರಬಹುದು. ‘ಒಳಗೆ ಬೇಸರವಾಗ್ತಿದೆಯಾ?’ ಎಂದು ಕೇಳಿ. ‘ಇಲ್ಲ, ಸುಮ್ಮನೆ ಬರ್ತದೆ’ ಅಂದರೆ ನರರೋಗ ವೈದ್ಯರಿಗೆ ಹೇಳಿ, ಔಷಧವಿದೆ. ಸಮಾಧಾನ ಮಾಡಲು ಮುಗಿಬೀಳಬೇಡಿ.

*

ಆಪ್ತಸಮಾಲೋಚಕರೊಬ್ಬರು ಮನೆಯವರನ್ನು ಉದ್ದೇಶಿಸಿ ಬರೆದಿದ್ದಾರೆ.

*

‘ಮನಸ್ಸು ಗಟ್ಟಿ ಮಾಡ್ಕೋ’ ಎಂಬುದೂ ಆ ಮಿದುಳಿಗೆ ಇನ್ನೊಂದು ಗಡುಸು ಮಾತೇ. ಅವರು ಅಳುವಾಗ ಮೊದಲ ಅರ್ಧ ಗಂಟೆ ಬುದ್ಧಿ ಹೇಳಬೇಡಿ, ಪಕ್ಕದಲ್ಲಿ ಕೂರಿ. ‘ಆ ಮಾತು ಚುಚ್ಚಿತು ಅಲ್ವಾ?’ ಎಂದು ಒಂದೇ ಸಲ ಕೇಳಿ. ತಪ್ಪು ತಿದ್ದುವುದಿದ್ದರೆ ಮರುದಿನ ಬೆಳಿಗ್ಗೆ ತಿದ್ದಿ.

ನಿಮಗೊಂದು ಪ್ರಶ್ನೆ ಇದೆ, ತಂಗಿ. ನಾಲ್ಕು ತಿಂಗಳ ಹಿಂದೆ ಏನಾಯಿತು? ಎಲ್ಲರೂ ಮಿದುಳಿನ ಮಾತಾಡುತ್ತಿದ್ದಾರೆ, ಗಡುಸಾಗಿ ಮಾತಾಡುವವರು ಯಾರೆಂದು ಒಬ್ಬರೂ ಕೇಳಲಿಲ್ಲ. ದಿನವೂ ಕೂಗುವವರ ಎದುರು ಕೂತ ಮಿದುಳು ಎಚ್ಚರಿಕೆ ಕೊಡುತ್ತಿದ್ದರೆ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಡೈರಿಯಲ್ಲಿ ಇನ್ನೊಂದು ಕಾಲಂ ಹಾಕಿ: ‘ಯಾರು ಆಡಿದ ಮಾತು’. ಒಂದೇ ಹೆಸರು ಮತ್ತೆ ಮತ್ತೆ ಬಂದರೆ, ಆ ಹಾಳೆಯನ್ನೂ ವೈದ್ಯರಿಗೆ ತೋರಿಸಿ.

*

ಈ ಪತ್ರಗಳನ್ನು ಅಚ್ಚಿಗೆ ಮೊದಲೇ ಪ್ರಶ್ನೆ ಕೇಳಿದ್ದ ಓದುಗರಿಗೆ ಕಳುಹಿಸಿದ್ದೆವು. ನಿನ್ನೆ ಉತ್ತರ ಬಂದಿದೆ: ‘ಡೈರಿ ಶುರು ಮಾಡಿ ಆರು ದಿನವಾಯಿತು. ಸ್ಕ್ಯಾನ್ ಬಿಟ್ಟೆ. ಗುರುವಾರ ವೈದ್ಯರ ಬಳಿ ಹೋಗುತ್ತಿದ್ದೇನೆ, ಮನೆಯವರೂ ಬರುತ್ತಾರಂತೆ. ಕೊನೆಯ ಕಾಲಂನಲ್ಲಿ ಆರರಲ್ಲಿ ಐದು ದಿನ ಒಂದೇ ಹೆಸರಿದೆ.’