ಇಂಜಿನ್ ನಿಂತರೆ ವಿಮಾನ ಎಷ್ಟು ದೂರ ಹೋಗುತ್ತದೆ?

ಪ್ರಶ್ನೆ: ನಿನ್ನೆ ಸಂಜೆ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೂತಿದ್ವಿ. ಮಂಡಕಳ್ಳಿಯಿಂದ ಎದ್ದ ವಿಮಾನ ನೋಡಿ ಮಗಳು ಕೇಳಿದಳು, "ಅಪ್ಪಾ, ಇಂಜಿನ್ ನಿಂತರೆ ಕಲ್ಲಿನ ಥರ ಬೀಳುತ್ತಾ?" ತಿಳಿದವರು ಹೇಳಿ.

ಉತ್ತರ 1: ಖಂಡಿತ ಇಲ್ಲ. ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಸೈಕಲ್ ಬಿಟ್ಟ ಹಾಗೆ ಜಾರುತ್ತಾ ಹೋಗುತ್ತದೆ. ದೊಡ್ಡ ಜೆಟ್ 1 ಕಿ.ಮೀ. ಇಳಿಯುವಷ್ಟರಲ್ಲಿ ಸುಮಾರು 15 ಕಿ.ಮೀ. ಮುಂದೆ ಸಾಗುತ್ತದೆ, ಅಂದರೆ ಮೈಸೂರಿನ ಮೇಲೆ 10 ಕಿ.ಮೀ. ಎತ್ತರದಲ್ಲಿ ಇಂಜಿನ್ ನಿಂತರೂ ಎದುರುಗಾಳಿ ಇಲ್ಲದಿದ್ದರೆ ಬೆಂಗಳೂರಿನವರೆಗೂ ಹೋಗಬಹುದು. ಸೆಸ್ನಾ 172 ಥರದ ಪುಟ್ಟ ವಿಮಾನಕ್ಕೆ 15ರ ಬದಲು 9 ಅಷ್ಟೇ.

ಉತ್ತರ 2: ಇಂಜಿನ್ನೇ ಇಲ್ಲದೆ ಹಾರುವ ಗ್ಲೈಡರ್ ಬಿಟ್ಟುಬಿಟ್ರಲ್ಲ! ಉದ್ದ, ಸಪೂರ ರೆಕ್ಕೆಯ ಒಳ್ಳೆ ಗ್ಲೈಡರ್ 1 ಕಿ.ಮೀ. ಎತ್ತರದಿಂದ 40 ಕಿ.ಮೀ. ಮೀರಿ ಹೋಗುತ್ತದೆ. ಮೈಸೂರಿಂದ ನಮ್ಮ ಮಂಡ್ಯಕ್ಕೇ ಬಂದ ಹಾಗೆ. 2001ರಲ್ಲಿ ಏರ್ ಟ್ರಾನ್ಸಾಟ್‌ನ ಏರ್‌ಬಸ್ ಎ330 ಅಟ್ಲಾಂಟಿಕ್ ಮೇಲೆ ಇಂಧನ ಸೋರಿ ಎರಡೂ ಇಂಜಿನ್ ಕಳೆದುಕೊಂಡಿತು. ಸುಮಾರು 120 ಕಿ.ಮೀ. ಜಾರಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು, 306 ಜನರೂ ಬದುಕಿದರು. ಆ ಪೈಲಟ್‌ಗಳಿಗೆ ಕೈಮುಗಿಯಬೇಕು.

ಉತ್ತರ 3: ಭಾರ ಜಾಸ್ತಿ ಇದ್ದರೂ ದೂರ ಕಡಿಮೆ ಆಗಲ್ಲ, ಜಾರುವ ವೇಗ ಮಾತ್ರ ಜಾಸ್ತಿ. ನಿಜವಾದ ಕಷ್ಟ ಈಗಷ್ಟೇ ಎದ್ದ ವಿಮಾನಕ್ಕೆ, ಯಾಕಂದ್ರೆ ಕೈಲಿ ಎತ್ತರವೇ ಇರಲ್ಲ ಅಲ್ವಾ.