ಬಿಳಿ ಗರಿಯ ದೃಶ್ಯ: ಇಸವಿ 1917 ಇಟ್ಟರ ನಡೀತದೇನ್ರಿ?

ಕಲಬುರಗಿ_ರಂಗಮಂದಿ
ಎಸ್.ಎಂ. ಪಂಡಿತ ರಂಗಮಂದಿರದಾಗ ಕಾಲೇಜಿನವರ 25 ನಿಮಿಷದ ನಾಟಕ ಅದ. ಲಂಡನ್, 1917, ಮೊದಲನೇ ಮಹಾಯುದ್ಧದ ಕಾಲ. ಟ್ರಾಮಿನಾಗ ಕೂತ ತರುಣನ ಕೋಟಿಗೆ ಒಬ್ಬಾಕಿ ಬಿಳಿ ಗರಿ ಸಿಗಸ್ತಾಳ, ಯುದ್ಧಕ್ಕ ಹೋಗದ ಹೇಡಿ ಅಂತ. ಅವ ಗಾಯ ಆಗಿ ಸೈನ್ಯದಿಂದ ಬಿಡುಗಡೆ ಆದವ ಅಂತ ಆಮ್ಯಾಲ ತಿಳೀತದ. ಇಸವಿ ಸರಿ ಅದ ಏನ್ರಿ? ಗರಿ ಎಂಥಾದು ತರಬೇಕು? ಕಥಿ ಗುಲ್ಬರ್ಗಾಕ್ಕೇ ತರೋಣು ಅಂತಾರ ಕೆಲವರು.

ಶಹಾಬಾದ್_ಕಲ್ಲು
ಇಸವೀನೇ ತೊಡಕು ನೋಡ್ರಿ. ಈ ಗರಿ ಕೊಡೂ ಪದ್ಧತಿ ಶುರು ಆಗಿದ್ದು 1914ರ ಆಗಸ್ಟ್ ಕೊನೀಗೆ, ಇಂಗ್ಲೆಂಡಿನ ಫೋಕ್‌ಸ್ಟನ್ ಊರಾಗ. ಅಡ್ಮಿರಲ್ ಪೆನ್ರೋಸ್ ಫಿಟ್ಜ್‌ಜೆರಾಲ್ಡ್ 30 ಹೆಣ್ಮಕ್ಕಳನ್ನ ಕೂಡಿಸಿ ಗರಿ ಹಂಚಿಸಿದ. ಆವಾಗ ಬ್ರಿಟನ್ನಿನಾಗ ಸೈನ್ಯ ಸೇರೂದು ಅವರವರ ಇಚ್ಛಾ, ಹಿಂಗಾಗಿ ನಾಚಿಕಿಯೇ ಚಾಬೂಕು. 1916ರ ಜನವರಿಯ ಕಾನೂನು 18ರಿಂದ 41ರೊಳಗಿನ ಮದುವಿ ಆಗದವರಿಗೆ ಕಡ್ಡಾಯ ಮಾಡ್ತು, ಮೇ ತಿಂಗಳಾಗ ಮದುವಿ ಆದವರಿಗೂ. ಸರಕಾರವೇ ಎಳಕೊಂಡು ಹೋಗೂವಾಗ ಗರಿಗೇನು ಕೆಲಸ ಉಳೀತು?

ತಪ್ಪು ಮನಷ್ಯಾಗ ಗರಿ ಹೋಗೂದು ಮಾತ್ರ ಮೊದಲಿಂದ ಇತ್ತು. ಮೈಮ್ಯಾಲಿನ ಬಟ್ಟಿ ನೋಡೇ ತೀರ್ಪು ಕೊಡೂದು, ಮತ್ತೇನಾಗ್ತದ? ತುರ್ಕಿಯ ಗಲ್ಲಿಪೊಲಿ ಕಾಳಗದಾಗ ವಿಕ್ಟೋರಿಯಾ ಕ್ರಾಸ್, ಅಂದ್ರ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ, ಗಳಿಸಿದ ಜಾರ್ಜ್ ಸ್ಯಾಮ್ಸನ್‌ಗೂ, ಸಾದಾ ಬಟ್ಟಿಯಾಗಿದ್ದ ಅಂತ, ಗರಿ ಕೊಟ್ಟಿದ್ರು. 1916ರ ಸೆಪ್ಟೆಂಬರಿನಾಗ ಸರಕಾರ ಎದಿಗೆ ಸಿಗಿಸೂ ಬೆಳ್ಳಿ ಬಿಲ್ಲೆ (ಬ್ಯಾಡ್ಜ್) ತಂತು, ಗಾಯ ಇಲ್ಲಾ ಬೇನಿಯಿಂದ ಬಿಡುಗಡೆ ಆದವರಿಗೆ. ನಿಮ್ಮ ತರುಣನ ಹತ್ರ 1917ರಾಗ ಅದು ಇರಬೇಕು, ಅದು ಕಂಡ್ರ ಗರಿ ಯಾರು ಸಿಗಸ್ತಾರ? ಇಲ್ಲಂದ್ರ ಕಥಿ 1915ಕ್ಕ ಹಾಕ್ರಿ. 1917 ಬಿಡಂಗಿಲ್ಲ ಅಂದ್ರ ಬಿಲ್ಲೆ ಓವರ್‌ಕೋಟಿನ ಕೆಳಗ ಮುಚ್ಚಿರ್ಲಿ, ಗರಿ ಸಿಗಿಸಿದ ಮ್ಯಾಲ ಅವ ಗುಂಡಿ ಬಿಚ್ಚಲಿ. ಮಾತೇ ಬ್ಯಾಡ.

ಬಿದ್ರಿ_ಕುಸುರಿ
ಆ ಬಿಲ್ಲೆ ಬಲಗಡಿ ಎದಿಗೆ, ಎಡಕ್ಕಲ್ಲ. ಸಾದಾ ಬಟ್ಟಿ ಮ್ಯಾಲಷ್ಟೇ, ಸೈನ್ಯದ ಸಮವಸ್ತ್ರದ ಮ್ಯಾಲ ಇಲ್ಲ. ಅಗಲ ಸುಮಾರು ಒಂದೂಕಾಲು ಇಂಚು, ಸುತ್ತ ರಾಜನಿಗೂ ಸಾಮ್ರಾಜ್ಯಕ್ಕೂ ಸೇವಾ ಮಾಡಿದವ ಅನ್ನೂ ಅರ್ಥದ ಇಂಗ್ಲಿಷ್ ಅಕ್ಷರ, ನಡುವ ರಾಜನ ಮುದ್ರಿ, ಹಿಂದ ನಂಬರು. ಬಿದ್ರಿಯಾಗ ಮಾಡಸೂ ವಿಚಾರ ಇದ್ರ ಬಿಡ್ರಿ: ಅದು ಕಪ್ಪು ನೆಲದಾಗ ಬೆಳ್ಳಿ ಎಳಿ, ಇದು ಪೂರಾ ಬೆಳ್ಳಿ. ತೆಳ್ಳನ ಅಲ್ಯುಮಿನಿಯಂ ತಗಡು ಕತ್ತರಿಸಿ ಅಂಚು ಉಜ್ಜಿ, ಹಿಂದ ಸೇಫ್ಟಿ ಪಿನ್ ಅಂಟಸ್ರಿ. ಅಕ್ಷರಕ್ಕ ತಲಿ ಕೆಡಿಸ್ಕೋಬ್ಯಾಡ್ರಿ, ಮೂರನೇ ಸಾಲಿನವರಿಗೂ ಕಾಣಂಗಿಲ್ಲ.

ಸೂಪರ್‌ಮಾರ್ಕೆಟ್_ಹಾದಿ
ಗರಿ ಚಿಕನ್ ಅಂಗಡಿಯಾಗ ಪುಕ್ಕಟ ಸಿಗ್ತದ. ಬ್ರಾಯ್ಲರಿನ ರೆಕ್ಕಿ ಗರಿನೇ ಕೇಳ್ರಿ. ಎದಿ ಪುಕ್ಕ ಫ್ಯಾನ್ ಗಾಳಿಗೆ ಹಾರಿ ಹೋಗ್ತದ. ಬೆಚ್ಚನ ನೀರು, ಸ್ವಲ್ಪ ಶಾಂಪೂ, ಬುಡದಿಂದ ತುದಿಕಡಿ ಮಾತ್ರ ಸವರ್ರಿ. ಉಲ್ಟಾ ತಿಕ್ಕಿದ್ರ ಎಳಿ ಬಿಡತಾವ. ಬುಡದಾಗ ಮಾಂಸ ಉಳದಿದ್ರ ಕತ್ತರಿಸ್ರಿ, ಇಲ್ಲಂದ್ರ ಎರಡನೇ ದಿನಕ್ಕ ನಾರತದ. ಒಣಗಿದ ಮ್ಯಾಲ ಎರಡು ಬೆರಳಿನಾಗ ಹಿಡದು ಎಳದ್ರ ಬಿಟ್ಟ ಎಳಿ ಮತ್ತ ಕೂಡ್ತಾವ. ಎಂಟ್ಹತ್ತು ಹೆಚ್ಚಿಗಿ ಇಟ್ಕೋರಿ. ಕೋಟು ಕಡ್ಡಾಯ ಕರೀದು. ತಿಳಿ ಬಣ್ಣದ ಮ್ಯಾಲ ಲೈಟ್ ಬಿದ್ರ ಗರಿ ಮಾಯ.

ಕಲಬುರಗಿ_ರಂಗಮಂದಿ
ಮಸ್ತ್ ಆತ್ರಿ. ಮಂದಿಗೆ ಗರಿ ಅರ್ಥ ಆಗ್ತದೇನ್ರಿ? ಬಳಿ ತೊಡಿಸಿದ್ರ?

ಶಹಾಬಾದ್_ಕಲ್ಲು
ಬಳಿ ಬ್ಯಾಡ. 'ಬಳಿ ತೊಟ್ಗೋ' ಅಂದ್ರ ಸಭಾ ನಗ್ತದ, ದೃಶ್ಯ ಕೆಡ್ತದ. ಗರಿ ಬಂದದ್ದು ಕೋಳಿಕಾಳಗದಿಂದ: ಹುಂಜದ ಬಾಲದಾಗ ಬಿಳಿ ಗರಿ ಇದ್ರ ಅದು ಅಸಲ್ ತಳಿ ಅಲ್ಲ, ಓಡಿಹೋಗ್ತದ ಅನ್ನೂ ನಂಬಿಕಿ. ಟ್ರಾಮಿನ ಕಂಡಕ್ಟರನ ಬಾಯಾಗ ಇಷ್ಟು ಹಾಕ್ರಿ, ಸಾಕು.

ಗುಲ್ಬರ್ಗಾಕ್ಕಂತೂ ತರಬ್ಯಾಡ್ರಿ. ಆಗ ಇದು ನಿಜಾಮರ ರಾಜ್ಯ, ಬ್ರಿಟನ್ನಿನ ಆ ಕಾನೂನು ಇಲ್ಲಿಗಿಲ್ಲ. ಇಲ್ಲಿಯದೊಂದು ಎಳಿ ಬೇಕಂದ್ರ ಹೈದರಾಬಾದ್ ಲ್ಯಾನ್ಸರ್ಸ್ ಅವ. ಸೂಯೆಜ್, ಪ್ಯಾಲೆಸ್ಟೈನ್ ಕಡಿ ಕಾದಿದ ಕುದುರಿ ದಂಡು. ಬಾಜೂಕ ಕೂತ ಪ್ರಯಾಣಿಕನ ಪೇಪರಿನಾಗ ಒಂದು ಸಾಲು ಓದಿಸ್ರಿ.